ಅವ್ವ ಮೈಕು ಹಿಡಿದ ಮಧ್ಯಾಹ್ನ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಗುಟ್ಟಿನ ಮಾತಿಗೆ ಜಾಗವಿರಲಿಲ್ಲ. ಬೆಟ್ಟದಪುರದಿಂದ ಒಂದಷ್ಟು ದೂರ ಒಳಗಿದ್ದ ನಮ್ಮೂರಿನಲ್ಲಿ ಅದು ಹಿಂದೆ ಒಂದೇ ದೊಡ್ಡ ಹೆಂಚಿನ ಮನೆಯಾಗಿತ್ತಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಅಪ್ಪನಿಗೂ ದೊಡ್ಡಪ್ಪನಿಗೂ ಭಾಗವಾಗಿ, ನಡುವೆ ಮಣ್ಣಿನ ಗೋಡೆಯೊಂದು ಎದ್ದಿತ್ತು. ಆ ಗೋಡೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ಅಲ್ಲಿಗೇ ನಿಂತಿತ್ತು, ಹೆಂಚು ಮುಟ್ಟಿರಲಿಲ್ಲ. ತೊಲೆಗಳ ಸಂದಿನಿಂದ ಅವರ ಒಲೆಯ ಹೊಗೆ ನಮ್ಮ ಕಡೆಗೆ ಬರುತ್ತಿತ್ತು, ನಮ್ಮ ಒಗ್ಗರಣೆಯ ಘಾಟು ಅವರ ಕಡೆಗೆ ಹೋಗುತ್ತಿತ್ತು. ಎರಡು ಮನೆಗೂ ಮಾತಿರಲಿಲ್ಲ. ಆದರೆ ದೊಡ್ಡಪ್ಪ ಕೆಮ್ಮಿದ್ದು, ದೊಡ್ಡಮ್ಮ ಮಕ್ಕಳಿಗೆ ಬೈದದ್ದು, ಅವರ ಮನೆಯ ಲೋಟ ಬಿದ್ದದ್ದು, ಎಲ್ಲವೂ ನಮಗೆ ಗೊತ್ತಾಗುತ್ತಿತ್ತು. ನಮ್ಮದೂ ಅವರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಅವ್ವ ಮನೆಯೊಳಗೆ ಮೆಲ್ಲಗೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅಪ್ಪನಿಗೆ ಮುದ್ದೆ ಬಡಿಸುತ್ತಾ ಅವನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ತಟ್ಟೆ ನೋಡಿಕೊಂಡು, ಅವತ್ತಿನ ಸುದ್ದಿಯನ್ನೆಲ್ಲ ಉಸಿರಿನಲ್ಲೇ ಹೇಳಿ ಮುಗಿಸುತ್ತಿದ್ದಳು. ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಾ ಆಗಾಗ ನಗುತ್ತಿದ್ದ. ಏನು ಹೇಳಿದಳೆಂದು ಎದುರಿಗೆ ಕೂತ ನನಗೂ ಕೇಳುತ್ತಿರಲಿಲ್ಲ.

ಅಪ್ಪನ ಹೆಸರು ಸ್ವಾಮಣ್ಣ. ಸುತ್ತಿನ ಊರುಗಳಲ್ಲೆಲ್ಲ ಮೈಕ್‌ಸೆಟ್ ಸ್ವಾಮಣ್ಣ ಎಂದರೇ ಗುರುತು. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಿದ್ದರೂ ಹಾರನ್ನು ಕಟ್ಟಿ ಹಾಡು ಹಾಕುವುದು ಅವನ ಕೆಲಸ. ಜೊತೆಗೆ ಒಂದು ತುಂಡು ಹೊಲವಿತ್ತು, ರಾಗಿ ಮತ್ತು ಅವರೆಗೆ. ಅವ್ವ ಸೀಜನ್ನಿನಲ್ಲಿ ಹೊಗೆಸೊಪ್ಪು ಬೇಯಿಸುವ ಬೇರೆಯವರ ಬ್ಯಾರನ್ನುಗಳಿಗೆ ಹೋಗಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಸಂಜೆ ಬಂದಾಗ ಅವಳ ಬೆರಳುಗಳೆಲ್ಲ ಅಂಟು ಹಿಡಿದು ಕಪ್ಪಾಗಿರುತ್ತಿದ್ದವು. ನಡುಮನೆಯೆಲ್ಲ ಅಪ್ಪನ ಸಾಮಾನು. ತೊಲೆಗೆ ನೇತುಹಾಕಿದ ಹಾರನ್ನುಗಳು, ಗೂಟಕ್ಕೆ ಸುತ್ತಿದ ವೈರಿನ ಸುರುಳಿಗಳು, ರಾಗಿ ಚೀಲದ ಮಗ್ಗುಲಲ್ಲಿ ಬ್ಯಾಟರಿ, ಅದರ ಪಕ್ಕದ ಮಣೆಯ ಮೇಲೆ ನಾವೆಲ್ಲ ಮಿಷಿನ್ನು ಎನ್ನುತ್ತಿದ್ದ ಆಂಪ್ಲಿಫೈಯರು. ಅದಕ್ಕೆ ಅವ್ವ ಹಳೇ ಸೀರೆಯ ಹೊದಿಕೆ ಹೊಲಿದಿದ್ದಳು. ಮಲಗುವುದಕ್ಕೆ ನಮಗೆ ಉಳಿಯುತ್ತಿದ್ದದ್ದು ಒಂದು ಚಾಪೆಯ ಜಾಗ.

ನಾನೊಬ್ಬಳೇ ಮಗಳು. ಗಂಡು ಮಗುವಿಲ್ಲ ಎಂದು ಅಪ್ಪ ಒಂದು ದಿನವೂ ಅಂದವನಲ್ಲ. ಕೆಲಸವಿಲ್ಲದ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಮಾನು ಬಿಚ್ಚುತ್ತಿದ್ದ. ಸದ್ದು ಬರದಿದ್ದರೆ ಗಾಬರಿಯಾಗಿ ಮಿಷಿನ್ನು ಬಿಚ್ಚಬಾರದು, ಮೊದಲು ಪಿನ್ನು ಪೂರ್ತಿ ಕೂತಿದೆಯಾ ನೋಡಬೇಕು, ಆಮೇಲೆ ವೈರನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಬಗ್ಗಿಸುತ್ತಾ ಹೋಗಬೇಕು, ಎಲ್ಲಿ ಕರಕರ ಅನ್ನುತ್ತದೋ ಅಲ್ಲೇ ಒಳಗೆ ತಂತಿ ಮುರಿದಿರುತ್ತದೆ ಎಂದು ಹೇಳಿಕೊಟ್ಟಿದ್ದ. ನನಗೆ ಆ ಕೆಲಸ ಇಷ್ಟವಾಗುತ್ತಿತ್ತು. ಅಪ್ಪನ ಭುಜಕ್ಕೆ ಭುಜ ತಾಗಿಸಿ ಕೂರುವುದು ಅದಕ್ಕಿಂತ ಇಷ್ಟವಾಗುತ್ತಿತ್ತು.

ಅಪ್ಪನ ಕಿವಿ ಯಾವಾಗಿನಿಂದ ಮಂದವಾಗುತ್ತಾ ಬಂತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ವರ್ಷಗಟ್ಟಲೆ ಹಾರನ್ನಿನ ಕೆಳಗೇ ಕೂತವನು. ಮೊದಮೊದಲು ಅವನು ದೂರಿದ್ದು ಮಿಷಿನ್ನನ್ನು. ಸೌಂಡು ಮೊದಲಿನಂತಿಲ್ಲ ಎಂದು ಬಿಚ್ಚಿ ಧೂಳು ಹೊಡೆದ. ಹಾರನ್ನಿನ ಯೂನಿಟ್ಟು ಬದಲಾಯಿಸಿದ. ಒಂದು ದಿನ ಮಿಷಿನ್ನನ್ನು ಬಟ್ಟೆಯಲ್ಲಿ ಸುತ್ತಿ ಪಿರಿಯಾಪಟ್ಟಣಕ್ಕೆ ಹೊತ್ತುಕೊಂಡು ಹೋದ. ಅಲ್ಲಿನ ರಿಪೇರಿಯವನು ಹಚ್ಚಿ ನೋಡಿ, ಎಲ್ಲ ಸರಿಯಾಗಿದೆ ಎಂದು ಹಾಗೇ ವಾಪಸು ಕಳಿಸಿದ. ಅವನಿಗೆ ಕೆಲಸ ಬರುವುದಿಲ್ಲ ಎಂದು ಅಪ್ಪ ದಾರಿಯುದ್ದಕ್ಕೂ ಬೈದುಕೊಂಡು ಬಂದ.

ನನಗೆ ವಿಷಯ ತಿಳಿದದ್ದು ಭೇರ್ಯದ ಒಂದು ಮದುವೆಯಲ್ಲಿ. ಶಾಲೆಗೆ ರಜೆ ಇದ್ದುದರಿಂದ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದ. ಧಾರೆಯ ಹೊತ್ತು. ಪುರೋಹಿತರ ಮಂತ್ರ ಹಿಂದೆ ಕೂತವರಿಗೆ ಕೇಳುತ್ತಿಲ್ಲ ಎಂದು ಹೆಣ್ಣಿನ ಕಡೆಯವರೊಬ್ಬರು ಕೈಸನ್ನೆ ಮಾಡಿದರು. ಅಪ್ಪ ವಾಲ್ಯೂಮು ತಿರುಗಿಸಿದ. ಹಾರನ್ನು ಕುಯ್ಯೋ ಎಂದು ಕೂಗತೊಡಗಿತು. ಮೈಕಿನ ಸದ್ದು ಹಾರನ್ನಿಗೆ ಹೋಗಿ, ಹಾರನ್ನಿನ ಸದ್ದು ಮತ್ತೆ ಮೈಕಿಗೆ ಬಂದರೆ ಹಾಗೆ ಆಗುತ್ತದೆ. ವಾಲ್ಯೂಮು ಇಳಿಸಿದರೆ ನಿಂತುಹೋಗುತ್ತದೆ. ಚಪ್ಪರದಲ್ಲಿದ್ದ ಜನವೆಲ್ಲ ಕಿವಿ ಮುಚ್ಚಿಕೊಂಡರು, ಕೂಸುಗಳು ಅಳತೊಡಗಿದವು. ಅಪ್ಪ ಮಾತ್ರ ಮಿಷಿನ್ನಿನ ಮುಂದೆ ಆರಾಮಾಗಿ ಕೂತಿದ್ದ. ಇನ್ನೂ ಸಾಲದೇನೋ ಎಂದು ಮತ್ತಷ್ಟು ತಿರುಗಿಸಿದ. ಆ ಕೂಗು ಅವನಿಗೆ ಕೇಳುತ್ತಲೇ ಇರಲಿಲ್ಲ. ಯಾರೋ ಓಡಿಬಂದು ವೈರು ಕಿತ್ತರು, ಹುಡುಗಿಯ ಸೋದರಮಾವ ಬಾಯಿಗೆ ಬಂದಂತೆ ಬೈದರು. ಅಪ್ಪ ಅವರ ಬಾಯಿಯನ್ನೇ ನೋಡುತ್ತಾ ನಿಂತಿದ್ದ. ಬರುವಾಗ ಟೆಂಪೋದಲ್ಲಿ ಹಾರನ್ನುಗಳ ನಡುವೆ ಕೂತು, ಕೇಳಿಸಲಿಲ್ಲವಾ ಎಂದು ನಾನು ಅವನನ್ನು ಕೇಳಿದೆ. ಅವನು ಗದ್ದೆಗಳ ಕಡೆ ನೋಡುತ್ತಿದ್ದ. ನಾನು ಕೇಳಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದವನೇ ಮೈಕನ್ನು ಬಿಚ್ಚಲು ಕೂತ. ನಾನು ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಒಲೆಯ ಮುಂದಿನಿಂದ ಎದ್ದು ಬಂದು ಅಪ್ಪನ ಎದುರು ನಿಂತಳು. ಮಿಷಿನ್ನು ಸರಿಯಾಗಿದೆ, ನಿಮ್ಮ ಕಿವಿ ತೋರಿಸಿ ಎಂದಳು. ಅಪ್ಪ ಏನು ಎಂದ. ಅವಳು ಮತ್ತೆ ಹೇಳಿದಳು. ಮೂರನೆಯ ಸಲ ಅವಳು ಕೂಗಿಯೇ ಹೇಳಬೇಕಾಯಿತು. ಅವಳು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಹೊತ್ತಿಗೆ ಗೋಡೆಯಾಚೆ ಯಾರೋ ನಕ್ಕರು. ನಮ್ಮ ಮಾತಿಗೆ ನಕ್ಕರೋ ಬೇರೆ ಯಾವುದಕ್ಕೋ ಗೊತ್ತಿಲ್ಲ. ಅವ್ವನ ಮುಖ ಸಣ್ಣಗಾಯಿತು. ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದಳು.

ಅಪ್ಪ ಆಮೇಲೆ ಹುಣಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದ. ಒಳಗಿನ ನರ ಸತ್ತಿದೆ, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ ಎಂದರಂತೆ. ಕಿವಿಗೆ ಮಿಷಿನ್ನು ಹಾಕಿಕೊಳ್ಳಬೇಕು ಅಂದದ್ದಕ್ಕೆ ಇವನು ಒಪ್ಪಲಿಲ್ಲ. ಕಿವುಡನನ್ನು ಮೈಕ್‌ಸೆಟ್ಟಿಗೆ ಯಾರು ಕರೆಯುತ್ತಾರೆ? ಊರಿನಲ್ಲಿ ಯಾರಿಗೂ ಹೇಳಕೂಡದೆಂದು ನಮ್ಮಿಬ್ಬರಿಗೂ ತಾಕೀತು ಮಾಡಿದ. ಅದನ್ನು ಹೇಳಿದ್ದೇ ಎರಡು ಮನೆಗೂ ಕೇಳುವಂತೆ. ಕಿವಿ ಹೋದವನಿಗೆ ತನ್ನ ದನಿಯ ಅಳತೆಯೂ ಹೋಗಿರುತ್ತದೆ ಎನ್ನುವುದು ಆಗ ನಮಗೆ ಗೊತ್ತಿರಲಿಲ್ಲ.

ಅಲ್ಲಿಂದಾಚೆಗೆ ನಮ್ಮ ಮನೆಯ ಊಟವೇ ಬದಲಾಯಿತು. ಅವ್ವ ಪಕ್ಕದಲ್ಲಿ ಕೂರುವುದನ್ನು ಬಿಟ್ಟಳು. ಮುದ್ದೆ ಇಟ್ಟು, ಸಾರು ಬಿಟ್ಟು, ಇನ್ನೂ ಬೇಕಾ ಎಂದು ಕೈಯಲ್ಲೇ ಕೇಳಿ ಒಳಗೆ ಹೋಗುತ್ತಿದ್ದಳು. ನೀರು, ಬಟ್ಟೆ, ಹೊಲ, ಇಂಥದ್ದನ್ನೆಲ್ಲ ಸನ್ನೆಯಲ್ಲಿ ಹೇಳಬಹುದು. ಉಳಿದದ್ದನ್ನು ಕೂಗಿ ಹೇಳಬೇಕು, ಕೂಗಿದರೆ ಆಚೆ ಮನೆಗೆ ಕೇಳುತ್ತದೆ. ಅವಳು ಸನ್ನೆಯಲ್ಲಿ ಒಂದು ಮಾತು ಹೇಳಿದರೂ ಅವನು ಅದಕ್ಕೆ ಊರಿಗೇ ಕೇಳುವಂತೆ ಉತ್ತರ ಕೊಡುತ್ತಿದ್ದ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ಹೇಳುವುದನ್ನೇ ಬಿಟ್ಟಳು. ಅಪ್ಪನಿಗೆ ಅದು ಸಿಟ್ಟಿನಂತೆ ಕಂಡಿತು. ದುಡಿಮೆ ಕಮ್ಮಿಯಾಯಿತೆಂದು ಹೆಂಡತಿ ಮುಖ ತಿರುಗಿಸಿದ್ದಾಳೆ ಎಂದುಕೊಂಡ. ಒಂದು ದಿನ ತಟ್ಟೆ ತಳ್ಳಿ ಎದ್ದ.

“ನನ್ ಮ್ಯಾಲೆ ಏನ್ ಕ್ವಾಪ ಐತೆ ಅದ್ನಾರ ಬಾಯ್ಬುಟ್ಟು ಹೇಳು ಜಯಾ. ನಾನೇನ್ ಕಲ್ಲಾ, ಮಾತಾಡದಂಗೆ ಕೂಳ್ ಇಕ್ಬುಟ್ಟು ಹೋಗಕ್ಕೆ?”

ಅವ್ವ ಅಳುತ್ತಾ ತಟ್ಟೆ ಎತ್ತಿಕೊಂಡು ಹೋದಳು. ಆ ವರ್ಷವೆಲ್ಲ ಅವಳು ಕೆಲಸದ ನಡುವೆ ನಿಂತುಬಿಡುತ್ತಿದ್ದಳು. ಒಂದು ಕೈಯನ್ನು ಸೆರಗಿನ ಒಳಗೆ ಎದೆಗೆ ಒತ್ತಿ ಹಿಡಿದು, ಗೋಡೆ ನೋಡುತ್ತಾ ನಿಲ್ಲುತ್ತಿದ್ದಳು. ಏನವ್ವ ಎಂದರೆ, ಏನಿಲ್ಲ ಹೋಗಿ ಓದಿಕೊ ಎನ್ನುತ್ತಿದ್ದಳು. ನಾನು ಆಗ ಏಳನೇ ಕ್ಲಾಸು. ಮಗಳಿಗೆ ಹೇಳುವ ವಿಷಯವಲ್ಲ ಅದು ಎಂದು ಅವಳಿಗೆ ಅನ್ನಿಸಿರಬೇಕು.

ಆ ಭಾನುವಾರ ಚೆನ್ನಾಗಿ ನೆನಪಿದೆ. ಬ್ಯಾರನ್ ಕೆಲಸ ಮುಗಿದು ಅವ್ವ ಮನೆಯಲ್ಲಿದ್ದಳು. ಅವರೆಕಾಯಿಯ ಕಾಲ, ನೆನೆಸಿದ ಕಾಳನ್ನು ಹಿತುಕುತ್ತಾ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಅಪ್ಪ ನಡುಮನೆಯಲ್ಲಿ ಸಾಮಾನು ಒರೆಸುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಒಂದು ಹಳೇ ಹೆಡ್‌ಫೋನ್ ಇತ್ತು. ಹಾರನ್ನಿಗೆ ಬಿಡುವ ಮೊದಲು ಹಾಡು ಎಲ್ಲಿದೆ ಎಂದು ತಾನೊಬ್ಬನೇ ಕೇಳಿ ನೋಡಲು ಯಾವಾಗಲೋ ತಂದದ್ದು. ಕೆಟ್ಟಿದೆ ಎಂದು ಪೆಟ್ಟಿಗೆಯಲ್ಲೇ ಬಿಟ್ಟಿದ್ದ. ಅದನ್ನು ಕಂಡದ್ದೇ ನನಗೊಂದು ಯೋಚನೆ ಬಂತು. ಹಾರನ್ನಿನ ವೈರು ಕಿತ್ತು, ಮೈಕನ್ನೂ ಹೆಡ್‌ಫೋನನ್ನೂ ಮಿಷಿನ್ನಿಗೆ ಚುಚ್ಚಿದರೆ, ಮೈಕಿನಲ್ಲಿ ಆಡಿದ ಮಾತು ಅಪ್ಪನ ಕಿವಿಗೆ ಮಾತ್ರ ಹೋಗಬೇಕಲ್ಲ?

ಚುಚ್ಚಿ ನನ್ನ ಕಿವಿಗೆ ಹಾಕಿಕೊಂಡು ನೋಡಿದೆ. ಏನೂ ಇಲ್ಲ. ಪಿನ್ನು ಅರ್ಧ ಕೂತಿತ್ತು, ಒತ್ತಿದೆ. ಆಗಲೂ ಇಲ್ಲ. ವೈರನ್ನು ಬೆರಳಲ್ಲಿ ಬಗ್ಗಿಸುತ್ತಾ ಬಂದೆ. ಪಿನ್ನಿನ ಹತ್ತಿರ ಕರಕರ ಅಂದಿತು. ಅಲ್ಲಿ ಬ್ಲೇಡಿನಿಂದ ಸೀಳಿ, ಒಳಗೆ ಮುರಿದಿದ್ದ ತಂತಿ ಹೆಣೆದು, ಟೇಪು ಸುತ್ತಿದೆ. ಮೈಕಿಗೆ ಊದಿದರೆ ಎಡಗಡೆ ಮಾತ್ರ ಕೇಳಿತು, ಬಲಗಡೆ ಇಲ್ಲ. ಆ ಮಿಷಿನ್ನಿನ ತೂತು ಒಂದು ಬದಿಯ ಸದ್ದಿಗೆ ಮಾತ್ರ ಮಾಡಿದ್ದೆಂದು ಆಮೇಲೆ ಗೊತ್ತಾಯಿತು. ಅಷ್ಟಾದರೂ ಬಂತಲ್ಲ ಎಂದು ಓಡಿಹೋಗಿ ಅಪ್ಪನ ತಲೆಗೆ ಸಿಕ್ಕಿಸಿದೆ. ಮೈಕು ಹಿಡಿದು ಅಪ್ಪ ಎಂದೆ. ಅವನು ನನ್ನ ಬಾಯಿ ನೋಡಿ ತಲೆಯಾಡಿಸಿದ, ಕೇಳುತ್ತಿಲ್ಲ ಬುಡು ಎಂದು ತೆಗೆಯಲು ಹೋದ. ಆಗ ನನಗೆ ಹೊಳೆಯಿತು. ಸದ್ದು ಬರುತ್ತಿದ್ದದ್ದು ಎಡಗಡೆ, ಅವನ ಎಡಗಿವಿ ಸತ್ತಿತ್ತು. ಹೆಡ್‌ಫೋನನ್ನು ಹಿಂದುಮುಂದು ಮಾಡಿ ಹಾಕಿದೆ. ವಾಲ್ಯೂಮು ಏರಿಸುತ್ತಾ, ಅಪ್ಪ, ನಾನು ಸರೋಜ, ಎಂದೆ.

ಅಪ್ಪನ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತಿತು. ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದ. ಇನ್ನೊಂದು ಸಲ ಅನ್ನು ಎಂದ. ನಾನು ಶಾಲೆಯ ಪಾಠ, ಹಸು ಕರು ಹಾಕಿದ್ದು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ನಗುತ್ತಾ ಅವ್ವನನ್ನು ಕರೆದ. ಅವಳು ಅವರೆಕಾಳಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮೈಕು ಮುಂದೆ ಚಾಚಿದರೆ ಹಿಂದೆ ಸರಿದಳು. ಹಾರನ್ನಿಗೆ ಹೋದರೆ ಏನು ಗತಿ ಎಂದು ಅವಳ ಭಯ. ಕಿತ್ತಿಟ್ಟ ವೈರು ತೋರಿಸಿದೆ. ಅಂಗಳಕ್ಕೆ ಹೋಗಿ ನಿಂತು ನನ್ನನ್ನು ಮೈಕಿನಲ್ಲಿ ಮೆಲ್ಲಗೆ ಮಾತಾಡಲು ಹೇಳಿ, ಏನೂ ಕೇಳದೆಂದು ಖಾತ್ರಿ ಮಾಡಿಕೊಂಡು ಬಂದಳು. ಆಮೇಲೆ ಕೈ ತೊಳೆದುಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಪಕ್ಕ ಕೂತಳು. ನನ್ನ ಕಡೆ ನೋಡಿ, ಹಿತ್ತಲಿಗೆ ಹೋಗಿ ಕಾಳು ಹಿತುಕು ಎಂದಳು.

ನಾನು ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು. ಅವಳ ಬೆನ್ನು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಪ್ಪ ಮೊದಲು ನಗುತ್ತಿದ್ದ. ಆಮೇಲೆ ನಗು ನಿಂತಿತು. ಅವನು ಮುಂದಕ್ಕೆ ಬಾಗಿ ಕೂತ. ತುಂಬಾ ಹೊತ್ತಿನ ಮೇಲೆ ಅವನ ದನಿ ಕೇಳಿತು. ಮೈಕು ಹತ್ತಿರವಿದ್ದುದರಿಂದ ಅವನ ಮಾತೂ ಅವನ ಕಿವಿಗೆ ಹೋಗುತ್ತಿತ್ತೋ ಏನೋ, ಎಷ್ಟೋ ಕಾಲದ ಮೇಲೆ ಅವನು ಮೆಲ್ಲಗೆ ಮಾತಾಡಿದ.

“ಯಾವಾಗ್ನಿಂದ ಐತೆ?”

ಅವ್ವ ಏನೋ ಹೇಳಿದಳು.

“ಓದ್ ವರ್ಸ ಸಸಿ ನೆಡಕ್ ಮುಂಚಿಂದ್ಲೂ? ಯಾಕ್ ಹೇಳ್ನಿಲ್ಲ ಜಯಾ?”

ಅದಕ್ಕೆ ಅವಳು ಕೊಟ್ಟ ಉತ್ತರ ಮಾತ್ರ ನನಗೆ ಕೇಳಿಸಿತು. ಅಳುತ್ತಿದ್ದುದರಿಂದ ದನಿ ಸ್ವಲ್ಪ ಏರಿತ್ತು.

“ಎಂಗೇಳ್ಲಿ? ಎದೇಲ್ ಗಂಟಾಗೈತೆ ಅಂತ ಕೂಗ್ಕಂಡ್ ಹೇಳಕಾಯ್ತದಾ?”

ಮಾರನೆಯ ದಿನವೇ ಅಪ್ಪ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದ. ಮೊದಲೇ ಬರಬೇಕಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವ್ವನೇ ಅಪ್ಪನಿಗೆ ತಿಳಿಸಬೇಕಾಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಕೈಸನ್ನೆಯಲ್ಲಿ, ಇನ್ನು ಆಗುವುದಿಲ್ಲವಂತೆ ಎಂದಳಂತೆ. ಅವರು ಮನೆಗೆ ಬಂದ ಸಂಜೆ ಅಪ್ಪ ಹೊಸಲಿನಲ್ಲಿ ಕೂತು ಅತ್ತ. ಅವನಿಗೆ ತನ್ನ ಅಳುವಿನ ಸದ್ದು ಗೊತ್ತಾಗುತ್ತಿರಲಿಲ್ಲ. ಆ ಅಳು ಕೇಳಿ ದೊಡ್ಡಮ್ಮ ಹೊರಗಿನಿಂದ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ನನಗೆ ತಿಳಿದಂತೆ ಅವಳು ನಮ್ಮ ಹೊಸಲು ದಾಟಿದ್ದು ಅದೇ ಮೊದಲು. ವಿಷಯ ಕೇಳಿ ಅವ್ವನ ಪಕ್ಕ ಕುಸಿದು ಕೂತಳು.

“ಒಂದ್ ಕಿತ ಕೂಗ್ಬಾರ್ದಾಗಿತ್ತಾ ಜಯಾ? ನಾನ್ ಬತ್ತಿರ್ನಿಲ್ವಾ?”

ಅವ್ವ ಅವಳ ಕೈ ಹಿಡಿದುಕೊಂಡಳು. ಯಾರು ಕೇಳಿಬಿಡುತ್ತಾರೋ ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳೋ, ಅವರು ಕೇಳಿದ್ದರೆ ಓಡಿ ಬರುತ್ತಿದ್ದರು. ಅವತ್ತಿನಿಂದ ಅವ್ವ ಇರುವವರೆಗೂ ದೊಡ್ಡಮ್ಮನೇ ಅವಳಿಗೆ ಗಂಜಿ ಕಾಯಿಸಿ ತಂದಳು, ತಲೆ ಬಾಚಿದಳು, ಸೀರೆ ಒಗೆದಳು.

ಉಳಿದ ತಿಂಗಳುಗಳಲ್ಲಿ ಅಪ್ಪ ಮೈಕ್‌ಸೆಟ್ಟನ್ನು ಮನೆಯಿಂದ ಹೊರಗೆ ಒಯ್ಯಲಿಲ್ಲ. ಕರೆಯಲು ಬಂದವರಿಗೆ, ನನಗೆ ಕಿವಿ ಕೇಳುವುದಿಲ್ಲ ಎಂದು ತಾನೇ ಹೇಳಿ ಕಳಿಸಿದ. ಹಗಲು ಹೊಲದ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಹೆಡ್‌ಫೋನ್ ಹಾಕಿಕೊಂಡು ಚಾಪೆಯ ಪಕ್ಕ ಕೂರುತ್ತಿದ್ದ. ಅವ್ವ ಮಲಗಿದಲ್ಲೇ ಮೈಕು ಹಿಡಿದು ಮಾತಾಡುತ್ತಿದ್ದಳು. ಸುಮ್ಮನಿದ್ದ ಅಷ್ಟೂ ದಿನಗಳ ಮಾತು ಅವಳಲ್ಲಿ ತುಂಬಿಕೊಂಡಿತ್ತು. ಬ್ಯಾರನ್ನಿನಲ್ಲಿ ಯಾರು ಯಾರಿಗೆ ಏನಂದರು, ನನ್ನನ್ನು ಎಲ್ಲಿಯವರೆಗೆ ಓದಿಸಬೇಕು, ನನಗೆ ಯಾವ ಊರಿನ ಗಂಡು ಬೇಡ, ಹೀಗೆ. ಒಮ್ಮೊಮ್ಮೆ ಇಬ್ಬರೂ ಜೋರಾಗಿ ನಗುತ್ತಿದ್ದರು. ಹೊಸದಾಗಿ ಮದುವೆಯಾದವರಂತೆ ಅವರು ಕೂತಿರುವುದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು.

ಮುಂಗಾರು ಬೀಳುವ ಹೊತ್ತಿಗೆ ಅವಳ ದನಿ ಇಳಿಯತೊಡಗಿತು. ಅಪ್ಪನಿಗೆ ಸರಿಯಾಗಿ ಕೇಳದಾಯಿತು. ಅವನು ವಾಲ್ಯೂಮು ಏರಿಸಿದ. ಪಿನ್ನು ಬದಲಾಯಿಸಿದ. ನಾನು ಸುತ್ತಿದ್ದ ಟೇಪು ಬಿಚ್ಚಿ ಬೆಸುಗೆ ಹಾಕಿಸಿಕೊಂಡು ಬಂದ. ಬ್ಯಾಟರಿ ಇಳಿದಿರಬೇಕೆಂದು ಚಾರ್ಜಿಗೆ ಕೊಟ್ಟು ತಂದ. ಒಂದು ಬೆಳಿಗ್ಗೆ ಮಿಷಿನ್ನಿನ ಮುಚ್ಚಳ ಬಿಚ್ಚಿ ಒಳಗೆಲ್ಲ ಹರಡಿಕೊಂಡು ಕೂತಿದ್ದ. ಅವ್ವ ಚಾಪೆಯಿಂದ ಅವನನ್ನು ನೋಡುತ್ತಿದ್ದಳು, ನನ್ನನ್ನು ನೋಡುತ್ತಿದ್ದಳು. ಹೇಳು ಎನ್ನುವಂತೆ ಕಣ್ಣಿನಲ್ಲೇ ಅಂದಳು. ನಾನು ಅಪ್ಪನ ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

“ಮಿಷಿನ್ ಸರ್ಯಾಗೈತೆ ಅಪ್ಪ. ಅವ್ವನ್ ದನೀನೇ ಇಷ್ಟು.”

ಅವನು ಸ್ಕ್ರೂಡ್ರೈವರು ಕೆಳಗಿಟ್ಟ. ಬಿಚ್ಚಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ಜೋಡಿಸಿದ. ಅವತ್ತಿನಿಂದ ಅವನು ಕೇಳುತ್ತಿಲ್ಲ ಎಂದು ಹೇಳಲಿಲ್ಲ. ಅವ್ವ ಮೈಕಿನಲ್ಲಿ ಏನು ಹೇಳಿದರೂ ತಲೆಯಾಡಿಸುತ್ತಿದ್ದ. ಹೊಗೆಸೊಪ್ಪಿನ ಸಸಿ ನೆಡುವ ಕೆಲಸ ಊರಿನಲ್ಲೆಲ್ಲ ಶುರುವಾದ ವಾರ ಅವಳು ತೀರಿಕೊಂಡಳು. ಮಧ್ಯಾಹ್ನ, ದೊಡ್ಡಮ್ಮ ಕಾಲು ನೀವುತ್ತಿದ್ದಳು, ಅಪ್ಪ ಪಕ್ಕದಲ್ಲೇ ಕೂತಿದ್ದ. ಕೊನೆಗೆ ಅವಳು ತುಟಿ ಅಲ್ಲಾಡಿಸಿದ್ದನ್ನು ನಾವೆಲ್ಲ ನೋಡಿದೆವು. ಕಿವಿ ಚೆನ್ನಾಗಿದ್ದ ನಮಗೂ ಅದು ಕೇಳಲಿಲ್ಲ.

ಅವಳ ದನಿಯನ್ನು ಒಂದು ಕ್ಯಾಸೆಟ್ಟಿನಲ್ಲಾದರೂ ಹಿಡಿದಿಡಬಹುದಿತ್ತಲ್ಲ ಎಂದು ನನ್ನ ಗಂಡ ಆಮೇಲೆ ಒಮ್ಮೆ ಕೇಳಿದರು. ಪೆಟ್ಟಿಗೆ ತುಂಬಾ ಕ್ಯಾಸೆಟ್ಟಿತ್ತು. ಆದರೆ ಆ ದಿನಗಳಲ್ಲಿ ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ. ಅಪ್ಪ ಮೈಕ್‌ಸೆಟ್ಟನ್ನು ಪಕ್ಕದೂರಿನವರಿಗೆ ಕೊಟ್ಟು, ಹೊಲದ ಕೆಲಸ ಮಾಡಿಕೊಂಡು ನನ್ನನ್ನು ಅವ್ವ ಹೇಳಿದಷ್ಟು ಓದಿಸಿದ. ನಾನು ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರಿ ಹೆಚ್.ಡಿ. ಕೋಟೆ ಕಡೆಗೆ ಬಂದೆ. ಹ್ಯಾಂಡ್‌ಪೋಸ್ಟ್ ಎಂಬಲ್ಲಿ ಬಸ್ಸಿಳಿದು ಕಾಡಿನವರ ಹಾಡಿಗಳಿಗೆ, ಹಳ್ಳಿಗಳಿಗೆ ನಡೆಯುತ್ತೇನೆ. ಹೋದ ಮನೆಯಲ್ಲಿ ಹೆಂಗಸರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಎಲ್ಲಕ್ಕಿಂತ ಮೊದಲು, ಎದೆಯಲ್ಲಿ ಗಂಟೇನಾದರೂ ಇದೆಯಾ ಎಂಬ ಆ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಬರುವವರೆಗೂ ಏಳುವುದಿಲ್ಲ. ನನ್ನ ಜೊತೆಯವರು ಇವಳದೊಂದು ಹಟ ಎನ್ನುತ್ತಾರೆ.

ಮದುವೆಯಾದ ಮೇಲೆ ಅಪ್ಪನನ್ನೂ ನನ್ನ ಜೊತೆಗೇ ಕರೆದುಕೊಂಡು ಬಂದೆ. ಮೊಮ್ಮಕ್ಕಳ ಜೊತೆ ಸನ್ನೆಯಲ್ಲೇ ಸಂಸಾರ ನಡೆಸಿದ. ಬಲಗಿವಿಯೂ ಪೂರ್ತಿ ಹೋದಂತಾಗಿತ್ತು. ಕಿವಿಗೆ ಮಿಷಿನ್ನು ಹಾಕಿಸೋಣ ಎಂದರೆ ಇಷ್ಟು ವರ್ಷವೂ ಬೇಡವೆನ್ನುತ್ತಿದ್ದವನು, ಈಚೆಗೆ ಒಂದು ದಿನ ತಾನಾಗೇ ಆಯಿತು ನಡಿ ಎಂದ. ಹುಣಸೂರಿಗೆ ಕರೆದುಕೊಂಡು ಹೋದೆ. ಈಗಿನವು ಕಡಲೆಕಾಯಿಯಷ್ಟು ಸಣ್ಣವು. ಅಲ್ಲಿದ್ದ ಹುಡುಗಿ ಅವನ ಬಲಗಿವಿಯ ಹಿಂದೆ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಏನೇನೋ ಸರಿಮಾಡಿದಳು. ಅಪ್ಪ ಫ್ಯಾನಿನ ಸದ್ದಿಗೆ ಬೆಚ್ಚಿ ಮೇಲೆ ನೋಡಿದ. ಮಾತಾಡಿ ಮೇಡಂ ಎಂದಳು ಆ ಹುಡುಗಿ. ಅಪ್ಪ, ನಾನು ಸರೋಜ, ಕೇಳ್ತಾ ಐತಾ ಎಂದೆ. ಅವನು ನನ್ನನ್ನೇ ದಿಟ್ಟಿಸಿ, ಇನ್ನೂ ಮಾತಾಡು ಎಂದ. ಬೆಳಿಗ್ಗೆ ಮಾಡಿದ ತಿಂಡಿ, ಮಕ್ಕಳ ಪರೀಕ್ಷೆ, ಏನೇನೋ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಕಣ್ಣಂಚಿನಲ್ಲಿ ನೀರು ಇಳಿಯಿತು. ಖುಷಿಗೆ ಎಂದು ನಾನೂ ಆ ಹುಡುಗಿಯೂ ಅಂದುಕೊಂಡೆವು.

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಾಗ ಅವನು ಬಾಯಿಬಿಟ್ಟ. ತುಂಬಾ ಮೆಲ್ಲಗೆ.

“ನಿಂದು ನಿಮ್ಮವ್ವನ್ ದನಿ ಇದ್ದಂಗೆ ಇರ್ತದೇನೋ ಅನ್ಕಂಡಿದ್ದೆ. ಇಲ್ಲ ಕಣ್ ಮಗ.”

ಬೇಜಾರಾಯಿತಾ ಎಂದು ಕೇಳಿದೆ.

“ಇಲ್ಲ ಕಣವ್ವ. ಅವಳ ದನಿ ಮರ್ತೇ ಓಗೈತೆ ಅನ್ಕಂಡಿದ್ದೆ. ನೀನ್ ಬಾಯ್ಬುಟ್ಟೇಟ್ಗೆ ಇದಲ್ಲ ಅಂತ ಗೊತ್ತಾಯ್ತಲ್ಲ. ಅಂಗಾದ್ರೆ ಮರ್ತಿಲ್ಲ.”

ಕೋಟೆಯ ಬಸ್ಸು ಬಂದು ನಿಂತಿತು. ಜನ ಹತ್ತಿದರು. ನಾವಿಬ್ಬರೂ ಏಳಲಿಲ್ಲ. ಮುಂದಿನದಕ್ಕೆ ಹೋದರಾಯಿತೆಂದು ನಾನು ಅವನ ಕೈ ಹಿಡಿದುಕೊಂಡು ಕೂತೆ.